ಸೋರಿಯಾಸಿಸ್ ಇದೆಯೇ? ಸೊಂಟದ ಅಳತೆಯನ್ನೂ ನೋಡಿಸಿಕೊಳ್ಳಿ

ಮೊಣಕೈ, ಮೊಣಕಾಲು, ತಲೆಬುರುಡೆ, ಬೆನ್ನಿನ ಕೆಳಭಾಗಗಳಲ್ಲಿ ದಪ್ಪನೆಯ ಮಚ್ಚೆ. ಅದರ ಮೇಲೆ ಬೆಳ್ಳಗೆ ಪದರ ಪದರವಾಗಿ ಉದುರುವ ಹೊಟ್ಟು. ಒಮ್ಮೆ ಕಡಿಮೆಯಾಗುತ್ತದೆ, ಚಳಿಗಾಲ ಬಂದಾಗಲೋ ಮನಸ್ಸಿಗೆ ಚಿಂತೆ ಹತ್ತಿದಾಗಲೋ ಮತ್ತೆ ಏಳುತ್ತದೆ. ಇದು ಸೋರಿಯಾಸಿಸ್. ನಮ್ಮ ದೇಶದಲ್ಲಿ ನೂರು ಜನರಲ್ಲಿ ಸುಮಾರು ಅರ್ಧದಿಂದ ಮೂರು ಮಂದಿಗೆ ಈ ಕಾಯಿಲೆ ಇದೆಯೆಂಬುದು ಪ್ರಕಟವಾದ ಅಂದಾಜು. ಹೆಬ್ಬಾಳದಲ್ಲಾಗಲಿ ಯಲಹಂಕದಲ್ಲಾಗಲಿ, ಜುಮಾ ನಮಾಝಿಗೆ ಐನೂರು ಜನ ಸೇರುವ ಮಸೀದಿಯ ಸಫ್‌ಗಳಲ್ಲಿ ಈ ಕಾಯಿಲೆಯ ಕೆಲವರಾದರೂ ಇರುತ್ತಾರೆ. ಪೂರ್ಣ ತೋಳಿನ ಅಂಗಿಯ ಒಳಗೆ ಮಚ್ಚೆ ಅಡಗಿರುವುದರಿಂದ ಪಕ್ಕದವರಿಗೆ ಗೊತ್ತಾಗುವುದಿಲ್ಲ, ಅಷ್ಟೇ.

ಇವರಲ್ಲಿ ಹೆಚ್ಚಿನವರು ಚರ್ಮದ ಡಾಕ್ಟರಿಗೆ ತೋರಿಸಿದ್ದಾರೆ, ಮುಲಾಮು ಹಚ್ಚಿದ್ದಾರೆ. ಆದರೆ ಈ ಕಾಯಿಲೆಯ ಕಾರಣಕ್ಕೆ ಬಿ.ಪಿ., ರಕ್ತದ ಸಕ್ಕರೆ, ಕೊಬ್ಬಿನಂಶ, ಸೊಂಟದ ಸುತ್ತಳತೆ ನೋಡಿಸಿಕೊಂಡವರು ಎಷ್ಟು ಮಂದಿ? ಚರ್ಮಕ್ಕೂ ಸಕ್ಕರೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ಸಂಬಂಧವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಇದು ಏನು, ಏನಲ್ಲ

ಆರೋಗ್ಯವಂತರಲ್ಲಿ ಚರ್ಮದ ಮೇಲ್ಪದರದ ಜೀವಕೋಶ ಹುಟ್ಟಿ, ಮೇಲಕ್ಕೆ ಬಂದು, ಉದುರಿ ಹೋಗಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಅದೇ ಕೆಲಸ ಮೂರರಿಂದ ಏಳು ದಿನಗಳಲ್ಲಿ ನಡೆದುಹೋಗುತ್ತದೆ. ಹಳೆಯ ಕೋಶ ಉದುರುವ ಮೊದಲೇ ಹೊಸದು ಬಂದು ಒತ್ತುವುದರಿಂದ ಹೊಟ್ಟಿನ ಪದರ ಕಟ್ಟುತ್ತದೆ. ಇದನ್ನು ಮಾಡಿಸುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ಹೊರಗಿನ ಶತ್ರುವಿನ ಮೇಲೆ ಹೋಗಬೇಕಾದ ಪಡೆ, ಶತ್ರುವಿಲ್ಲದಿದ್ದರೂ ಚರ್ಮದ ಮೇಲೆ ಬಂದು ಬೀಳುತ್ತದೆ.

ಆದ್ದರಿಂದ ಇದು ಅಂಟುರೋಗವಲ್ಲ. ಗಜಕರ್ಣದಂತೆ ಶಿಲೀಂಧ್ರದಿಂದ ಬರುವುದಲ್ಲ, ಕಜ್ಜಿಯಂತೆ ಹುಳದಿಂದ ಬರುವುದಲ್ಲ, ಕುಷ್ಠವೂ ಅಲ್ಲ. ಕೈಕುಲುಕಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹೌಝ್‌ನಲ್ಲಿ ವುಝೂ ಮಾಡಿದರೆ, ಒಂದೇ ಟವೆಲು ಬಳಸಿದರೆ ಹರಡುವುದಿಲ್ಲ. ಶುಚಿತ್ವದ ಕೊರತೆಯಿಂದಲೂ ಬರುವುದಿಲ್ಲ.

ನಮ್ಮ ಕಂದು ಬಣ್ಣದ ಚರ್ಮದಲ್ಲಿ ಮಚ್ಚೆ ಕೆಂಪಗೆ ಕಾಣದೆ, ಕಡುಗಂದು ಅಥವಾ ನೇರಳೆ ಛಾಯೆಯಲ್ಲಿ ಕಾಣಬಹುದು. ತಲೆಯಲ್ಲಿ ಬಂದಾಗ ಸಾದಾ ತಲೆಹೊಟ್ಟು ಎಂದು, ಅಂಗೈ ಅಂಗಾಲಿನಲ್ಲಿ ಬಂದಾಗ ಇಸುಬು ಎಂದು ತಿಳಿದು ವರ್ಷಗಟ್ಟಲೆ ಕಳೆಯುವವರಿದ್ದಾರೆ. ಉಗುರಿನ ಮೇಲೆ ಗುಂಡುಸೂಜಿಯಿಂದ ಚುಚ್ಚಿದಂಥ ಸಣ್ಣ ಕುಳಿಗಳು, ಉಗುರು ಬುಡ ಬಿಟ್ಟು ಏಳುವುದು ಸಹ ಇದರ ಗುರುತುಗಳು. ನಮಾಝಿಗಳ ಮೊಣಕಾಲು, ಪಾದದ ಗಂಟು, ಹಣೆಯ ಮೇಲೆ ಉಜ್ಜಾಟದಿಂದ ಆಗುವ ಕಪ್ಪು ಗಟ್ಟಿ ಗುರುತು ಬೇರೆ. ಅದರಲ್ಲಿ ಬೆಳ್ಳಿಯಂಥ ಹೊಟ್ಟು ಉದುರುವುದಿಲ್ಲ. ಸಂಶಯವಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸುವುದೇ ಸರಿ.

ಚರ್ಮದಿಂದ ಒಳಕ್ಕೆ

ಚರ್ಮದಲ್ಲಿ ನಡೆಯುವ ಈ ಉರಿಯೂತ ಚರ್ಮಕ್ಕೇ ಸೀಮಿತವಾಗಿದ್ದರೆ ಮುಲಾಮು ಸಾಕಾಗುತ್ತಿತ್ತು. ಅದು ಹಾಗಿಲ್ಲ. ರೋಗನಿರೋಧಕ ಕೋಶಗಳು ಪರಸ್ಪರ ಸಂದೇಶ ಕಳಿಸಲು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಟಿ.ಎನ್.ಎಫ್. ಆಲ್ಫಾ, ಇಂಟರ್‌ಲ್ಯೂಕಿನ್ 17, ಇಂಟರ್‌ಲ್ಯೂಕಿನ್ 23 ಎಂಬವು ಸೋರಿಯಾಸಿಸ್‌ನಲ್ಲಿ ಮುಖ್ಯವಾದವು. ಇವು ರಕ್ತದಲ್ಲಿ ಬೆರೆತು ದೇಹವೆಲ್ಲ ಸುತ್ತುತ್ತವೆ.

ಟಿ.ಎನ್.ಎಫ್. ಆಲ್ಫಾ ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಸಕ್ಕರೆಯನ್ನು ಕೋಶದೊಳಗೆ ಬಿಡಲು ಇನ್ಸುಲಿನ್ ಬಾಗಿಲು ತಟ್ಟಿದರೂ ಒಳಗಿನವರಿಗೆ ಕೇಳಿಸದಂತಾಗುತ್ತದೆ. ಆಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಯಬೇಕು. ಇದೇ ಇನ್ಸುಲಿನ್ ಪ್ರತಿರೋಧ, ಮಧುಮೇಹದ ಮೊದಲ ಮೆಟ್ಟಿಲು. ಅದೇ ಉರಿಯೂತ ರಕ್ತನಾಳಗಳ ಒಳಗೋಡೆಯನ್ನೂ ಕೆಡಿಸಿ, ಅಲ್ಲಿ ಕೊಬ್ಬು ಕೂರಲು ಜಾಗ ಮಾಡಿಕೊಡುತ್ತದೆ.

ದಾರಿ ಎರಡೂ ಕಡೆಗಿದೆ. ಹೊಟ್ಟೆಯ ಒಳಗೆ ಸೇರುವ ಕೊಬ್ಬು ಸುಮ್ಮನೆ ಕೂರುವ ಸರಕಲ್ಲ. ಅದೂ ಟಿ.ಎನ್.ಎಫ್. ಆಲ್ಫಾದಂಥ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತದೆ. ಹೊಟ್ಟೆ ಬೆಳೆದಷ್ಟೂ ಚರ್ಮ ಕೆರಳುತ್ತದೆ, ಚರ್ಮ ಕೆರಳಿದಷ್ಟೂ ಇನ್ಸುಲಿನ್‌ನ ಕೆಲಸ ಕೆಡುತ್ತದೆ. ತೂಕ ಹೆಚ್ಚಿದ್ದವರಲ್ಲಿ ಸೋರಿಯಾಸಿಸ್‌ನ ಔಷಧಗಳು ಸಹ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ.

ಅಂಕಿಅಂಶ ಹೇಳುವುದೇನು?

ಈ ನಂಟು ಇಂದು ನಿನ್ನೆಯ ಊಹೆಯಲ್ಲ. 2006ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನ, ಬ್ರಿಟನ್ನಿನ ಸುಮಾರು 1 ಲಕ್ಷ 30 ಸಾವಿರ ಸೋರಿಯಾಸಿಸ್ ರೋಗಿಗಳ ದಾಖಲೆಗಳನ್ನು ಇತರರ ದಾಖಲೆಗಳೊಂದಿಗೆ ಹೋಲಿಸಿತು. ಕಾಯಿಲೆ ತೀವ್ರವಾಗಿದ್ದ 30 ವರ್ಷ ವಯಸ್ಸಿನವರಲ್ಲಿ ಹೃದಯಾಘಾತದ ಅಪಾಯ, ಅದೇ ವಯಸ್ಸಿನ ಇತರರಿಗಿಂತ ಸುಮಾರು ಮೂರು ಪಟ್ಟು ಇತ್ತು. ಹೆದರಬೇಡಿ. 30ನೇ ವಯಸ್ಸಿನಲ್ಲಿ ಹೃದಯಾಘಾತ ಅಪರೂಪ, ಅಪರೂಪದ ಮೂರು ಪಟ್ಟು ಎಂದರೂ ಸಣ್ಣ ಸಂಖ್ಯೆಯೇ. ಆದರೆ ಎಚ್ಚರಗೊಳ್ಳಲು ಇಷ್ಟು ಸಾಕು.

ನಮ್ಮ ನೆರೆಯ ಚೆನ್ನೈಯ ಒಂದು ಆಸ್ಪತ್ರೆಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೋರಿಯಾಸಿಸ್ ಇದ್ದ ನೂರರಲ್ಲಿ ಸುಮಾರು 44 ಮಂದಿಗೆ ಮೆಟಬಾಲಿಕ್ ಸಿಂಡ್ರೋಮ್ ಇತ್ತು. ಸೋರಿಯಾಸಿಸ್ ಇಲ್ಲದವರಲ್ಲಿ ಅದು ಸುಮಾರು 30. ಕಾಶ್ಮೀರದಲ್ಲಿ ನಡೆದ ಇನ್ನೊಂದರಲ್ಲಿ ಈ ಸಂಖ್ಯೆಗಳು ಸುಮಾರು 29 ಮತ್ತು 17. ಊರು ಬೇರೆ, ಊಟ ಬೇರೆ, ಹವೆ ಬೇರೆ. ಆದರೂ ಸೋರಿಯಾಸಿಸ್ ಇದ್ದವರ ಪಾಲೇ ಎರಡೂ ಕಡೆ ಹೆಚ್ಚು.

ಮೆಟಬಾಲಿಕ್ ಸಿಂಡ್ರೋಮ್ ಎಂದರೆ ಒಂದೇ ಕಾಯಿಲೆಯಲ್ಲ. ಹೊಟ್ಟೆಯ ಬೊಜ್ಜು, ರಕ್ತದೊತ್ತಡ, ಸಕ್ಕರೆ, ಕೊಬ್ಬು ಇವೆಲ್ಲ ಸ್ವಲ್ಪ ಸ್ವಲ್ಪ ಹದ ತಪ್ಪಿ ಒಟ್ಟಿಗೆ ಕೂಡಿಕೊಳ್ಳುವುದಕ್ಕೆ ಈ ಹೆಸರು. ಒಂದೊಂದನ್ನೇ ನೋಡಿದರೆ 'ಬಾರ್ಡರ್‌ನಲ್ಲಿದೆ, ಪರವಾಗಿಲ್ಲ' ಎನಿಸುತ್ತದೆ. ಎಲ್ಲ ಕೂಡಿದಾಗ ಮಧುಮೇಹ, ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಐ.ಸಿ.ಎಂ.ಆರ್. ನೆರವಿನ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ, ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ತಿಳಿಯಿತು. ಸೋರಿಯಾಸಿಸ್ ಇಲ್ಲದವರ ಸ್ಥಿತಿಯೇ ಹೀಗಿರುವಾಗ, ಇರುವವರು ಕಾಯುತ್ತ ಕೂರುವಂತಿಲ್ಲ.

ಐದು ಅಳತೆಗಳು

ಕೆಳಗಿನ ಐದರಲ್ಲಿ ಮೂರು ಇದ್ದರೆ ಮೆಟಬಾಲಿಕ್ ಸಿಂಡ್ರೋಮ್ ಇದೆ ಎಂದು ವೈದ್ಯರು ಹೇಳುತ್ತಾರೆ.

1. ಸೊಂಟದ ಸುತ್ತಳತೆ: ದಕ್ಷಿಣ ಏಷ್ಯಾದವರಾದ ನಮಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಅಥವಾ ಹೆಚ್ಚು.
2. ರಕ್ತದೊತ್ತಡ: 130/85 ಅಥವಾ ಹೆಚ್ಚು, ಇಲ್ಲವೇ ಈಗಾಗಲೇ ಬಿ.ಪಿ. ಮಾತ್ರೆ ಸೇವನೆ.
3. ಖಾಲಿ ಹೊಟ್ಟೆಯ ಸಕ್ಕರೆ: 100 ಅಥವಾ ಹೆಚ್ಚು, ಇಲ್ಲವೇ ಮಧುಮೇಹದ ಚಿಕಿತ್ಸೆ.
4. ಟ್ರೈಗ್ಲಿಸರೈಡ್ ಎಂಬ ಕೊಬ್ಬು: 150 ಅಥವಾ ಹೆಚ್ಚು, ಇಲ್ಲವೇ ಅದಕ್ಕೆ ಔಷಧ ಸೇವನೆ.
5. ಎಚ್.ಡಿ.ಎಲ್. ಎಂಬ ಒಳ್ಳೆಯ ಕೊಲೆಸ್ಟ್ರಾಲ್: ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ, ಇಲ್ಲವೇ ಅದಕ್ಕೆ ಔಷಧ ಸೇವನೆ.

ಸೊಂಟ ಅಳೆಯಲು ದರ್ಜಿಯ ಟೇಪು ಸಾಕು. ಪ್ಯಾಂಟಿನ ಸೈಜು ನೋಡಿ ಹೇಳಬೇಡಿ. ಹೊಟ್ಟೆಯ ಕೆಳಗೆ ಪ್ಯಾಂಟು ಕಟ್ಟುವವರ ಸೈಜು ಎಷ್ಟೋ ವರ್ಷ ಬದಲಾಗುವುದೇ ಇಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಬರಿಮೈಯ ಮೇಲೆ ಟೇಪು ಸುತ್ತಿ. ಉಸಿರನ್ನು ಸಹಜವಾಗಿ ಹೊರಬಿಟ್ಟು, ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳದೆ ಅಳೆಯಿರಿ. ಮನೆಯಲ್ಲೇ ಬಾಗಿಲು ಹಾಕಿಕೊಂಡು ಮಾಡಬಹುದಾದ ಈ ಪರೀಕ್ಷೆಗೆ ಹಣವೂ ಬೇಡ, ಸಂಕೋಚವೂ ಬೇಡ. ಕತ್ತಿನ ಹಿಂಭಾಗ, ಕಂಕುಳಲ್ಲಿ ಚರ್ಮ ಮಖಮಲ್ಲಿನಂತೆ ದಪ್ಪಗೆ ಕಪ್ಪಾಗಿದೆಯೇ ಎಂದೂ ನೋಡಿ. ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಇನ್ಸುಲಿನ್ ಪ್ರತಿರೋಧದ ಗುರುತಾಗಿರಬಹುದು.

ಇವುಗಳ ಜೊತೆಗೆ ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಮತ್ತು ಲಿವರ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಸೋರಿಯಾಸಿಸ್ ಇರುವವರಲ್ಲಿ ಫ್ಯಾಟಿ ಲಿವರ್ ಹೆಚ್ಚಾಗಿ ಕಾಣುತ್ತದೆ. 'ನಾವು ಮದ್ಯ ಮುಟ್ಟುವವರಲ್ಲ, ನಮಗೇಕೆ ಲಿವರ್ ತೊಂದರೆ' ಎಂದು ನಮ್ಮವರು ಕೇಳುವುದುಂಟು. ಸಕ್ಕರೆ, ಎಣ್ಣೆ, ಮೈದಾ ಮತ್ತು ಕೂತಲ್ಲೇ ಕೂರುವ ಬದುಕಿನಿಂದಲೂ ಲಿವರ್‌ನಲ್ಲಿ ಕೊಬ್ಬು ತುಂಬುತ್ತದೆ.

ಕೀಲುಗಳನ್ನೂ ಮರೆಯಬೇಡಿ. ಸೋರಿಯಾಸಿಸ್ ಇರುವವರಲ್ಲಿ ನೂರಕ್ಕೆ 30ರವರೆಗೆ ಸೋರಿಯಾಟಿಕ್ ಸಂಧಿವಾತ ಬರಬಹುದು. ಫಜ್ರ್‌ಗೆ ಏಳುವಾಗ ಬೆರಳು, ಬೆನ್ನು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿದಿದ್ದರೆ, ಒಂದು ಬೆರಳು ಇಡಿಯಾಗಿ ಊದಿಕೊಂಡರೆ, ಹಿಮ್ಮಡಿ ನೋವು ಬಿಡದಿದ್ದರೆ ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ತಡಮಾಡಿದರೆ ಕೀಲು ಶಾಶ್ವತವಾಗಿ ಸೊಟ್ಟಗಾಗುತ್ತದೆ.

ಎಲ್ಲಿ ಮಾಡಿಸುವುದು?

ದುಬಾರಿ ಪ್ಯಾಕೇಜು ಬೇಕಿಲ್ಲ. ಬಿ.ಪಿ. ಮತ್ತು ಸಕ್ಕರೆಯ ಮೊದಲ ತಪಾಸಣೆಗೆ ನಿಮ್ಮ ವಾರ್ಡಿನ ನಮ್ಮ ಕ್ಲಿನಿಕ್ ಅಥವಾ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. 30 ವರ್ಷ ದಾಟಿದ ಎಲ್ಲರಿಗೂ ಈ ತಪಾಸಣೆ ಆಗಬೇಕೆಂಬುದು ಸರಕಾರದ್ದೇ ಕಾರ್ಯಕ್ರಮ. ಚರ್ಮರೋಗ ತಜ್ಞರಿಗೆ ತೋರಿಸಲು ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಇದೆ. ಆರ್.ಟಿ. ನಗರದವರಿಗೆ ಕಾಡುಗೊಂಡನಹಳ್ಳಿಯ ಅಂಬೇಡ್ಕರ್ ವೈದ್ಯಕೀಯ ಕಾಲೇಜು, ಯಶವಂತಪುರ, ಮತ್ತಿಕೆರೆಯವರಿಗೆ ರಾಮಯ್ಯ ವೈದ್ಯಕೀಯ ಕಾಲೇಜು ಹತ್ತಿರ. ವೈದ್ಯರು ಬರೆದುಕೊಟ್ಟ ಬಿ.ಪಿ., ಶುಗರ್ ಮಾತ್ರೆಗಳನ್ನು ಜನೌಷಧಿ ಕೇಂದ್ರದಲ್ಲಿ ಕೇಳಿ, ಖರ್ಚು ಬಹಳ ಇಳಿಯುತ್ತದೆ.

ಹೋದಾಗ ಒಂದು ಮಾತು ನೀವೇ ಬಾಯಿಬಿಟ್ಟು ಹೇಳಿ: 'ನನಗೆ ಸೋರಿಯಾಸಿಸ್ ಇದೆ, ಹಾಗಾಗಿ ಸಕ್ಕರೆ, ಬಿ.ಪಿ., ಕೊಬ್ಬು ನೋಡಬೇಕು.' ಬುರ್ಖಾದೊಳಗಿನ ಮಚ್ಚೆ ಬಿ.ಪಿ. ನೋಡುವ ಡಾಕ್ಟರಿಗೆ ಕಾಣುವುದಿಲ್ಲ. ಹಾಗೆಯೇ ನಿಮ್ಮ ಬಿ.ಪಿ., ಮಾನಸಿಕ ಕಾಯಿಲೆ ಮುಂತಾದವುಗಳ ಮಾತ್ರೆಗಳ ಚೀಟಿಯನ್ನು ಚರ್ಮದ ಡಾಕ್ಟರಿಗೆ ತೋರಿಸಿ. ಬೀಟಾ ಬ್ಲಾಕರ್ ಗುಂಪಿನ ಕೆಲವು ಮಾತ್ರೆ, ಲಿಥಿಯಂನಂಥ ಔಷಧ ಕೆಲವರಲ್ಲಿ ಸೋರಿಯಾಸಿಸ್ ಕೆರಳಿಸುತ್ತವೆ. ಆದರೆ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ತೂಕ ಇಳಿದರೆ ಚರ್ಮ ತಿಳಿಯಾಗುತ್ತದೆಯೇ?

ಇಟಲಿಯಲ್ಲಿ ತೂಕ ಹೆಚ್ಚಿದ್ದ 300ಕ್ಕೂ ಹೆಚ್ಚು ಸೋರಿಯಾಸಿಸ್ ರೋಗಿಗಳ ಮೇಲೆ 20 ವಾರಗಳ ಪ್ರಯೋಗ ನಡೆಯಿತು. ಚಿಕಿತ್ಸೆಯ ಜೊತೆಗೆ ಊಟದ ಕ್ರಮ ಮತ್ತು ವ್ಯಾಯಾಮ ಪಾಲಿಸಿದವರಲ್ಲಿ ಕಾಯಿಲೆಯ ತೀವ್ರತೆ ಸುಮಾರು ಅರ್ಧದಷ್ಟು ಇಳಿಯಿತು. ಬರೀ ಸಲಹೆ ಕೇಳಿ ಮನೆಗೆ ಹೋದವರಲ್ಲಿ ಇಳಿದದ್ದು ಸುಮಾರು ಕಾಲು ಭಾಗ. ತೂಕ ಇಳಿಸಿದರೆ ಸೋರಿಯಾಸಿಸ್ ಬುಡಸಮೇತ ಹೋಗುತ್ತದೆ ಎಂದು ಇದರ ಅರ್ಥವಲ್ಲ. ಔಷಧ ಚೆನ್ನಾಗಿ ಹಿಡಿಯುತ್ತದೆ, ಸಕ್ಕರೆ ಬಿ.ಪಿ. ಇಳಿಯುತ್ತವೆ. ಗುರಿಯೂ ದೊಡ್ಡದಲ್ಲ. 80 ಕಿಲೋ ಇರುವವರು ಮೊದಲು 4 ಕಿಲೋ ಇಳಿಸಲಿ, ಸಾಕು.

ನಮ್ಮ ಮನೆಗಳ ಊಟದಲ್ಲೇ ಲೆಕ್ಕ ಹಾಕೋಣ. ದಿನಕ್ಕೆ ಐದು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಹತ್ತು ಚಮಚ, ಸುಮಾರು 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದಿನವೊಂದಕ್ಕೆ ಇದ್ದರೆ ಒಳ್ಳೆಯದೆನ್ನುವುದು ಸುಮಾರು 25 ಗ್ರಾಂ. ಚಹಾದಲ್ಲೇ ಎರಡು ದಿನದ ಸಕ್ಕರೆ ಮುಗಿಯಿತು. ಬೇಕರಿಯ ದಿಲ್‌ಪಸಂದ್, ಬನ್ನು, ಬಿಸ್ಕತ್ತು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಸಕ್ಕರೆಯಿಲ್ಲದ ಸುಲೈಮಾನಿಗೆ ನಿಂಬೆ ಹಿಂಡಿ ಕುಡಿಯುವ ಅಭ್ಯಾಸ ಒಂದು ತಿಂಗಳಲ್ಲಿ ಬರುತ್ತದೆ.

ಬಿರಿಯಾನಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ. ಬಡಿಸುವ ಕ್ರಮ ಬದಲಿಸಿ. ಮೊದಲು ತಟ್ಟೆಯ ಅರ್ಧಕ್ಕೆ ಸೌತೆಕಾಯಿ, ಈರುಳ್ಳಿ, ಟೊಮೆಟೊ, ಬೇಯಿಸಿದ ತರಕಾರಿ ಬರಲಿ. ಕಾಲು ಭಾಗಕ್ಕೆ ಮಾಂಸ ಅಥವಾ ಬೇಳೆ, ಉಳಿದ ಕಾಲು ಭಾಗಕ್ಕೆ ಅನ್ನ. ಮಾಂಸದ ಬಿಳಿ ಕೊಬ್ಬನ್ನು ಕೊಯ್ಯುವಾಗಲೇ ತೆಗೆಸಿ. ಡಾಲ್ಡಾ ಬೇಡ, ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಬೇಡ. ವಾರದಲ್ಲಿ ಎರಡು ದಿನ ಮೀನಿನ ಸಾರು, ಎರಡು ದಿನ ಸೊಪ್ಪು ಬೇಳೆ ಇರಲಿ. ಬಿಳಿ ಅನ್ನ, ಮೈದಾ ಪರೋಟಗಳ ಬದಲು ರಾಗಿ ಒಳ್ಳೆಯದೇ. ಆದರೆ ರಾಗಿಯಲ್ಲೂ ಪಿಷ್ಟವಿದೆ. ಎರಡು ದೊಡ್ಡ ಮುದ್ದೆ ನುಂಗಿದರೆ ಸಕ್ಕರೆ ಏರದೆ ಇರುವುದಿಲ್ಲ.

ಪ್ರವಾದಿ(ಸ)ರು ಹೊಟ್ಟೆಯ ಮೂರರಲ್ಲೊಂದು ಪಾಲು ಮಾತ್ರ ಆಹಾರಕ್ಕೆ ಎಂದು ಕಲಿಸಿದ್ದನ್ನು ನಾವು ಮದರಸಾದಲ್ಲೇ ಕೇಳಿದ್ದೇವೆ. ವಲೀಮಾದ ದಸ್ತರ್‌ಖಾನ್ ಮುಂದೆ ಕೂತಾಗಲೂ ಅದು ನೆನಪಿರಲಿ.

ವಾರಕ್ಕೆ ಕನಿಷ್ಠ 150 ನಿಮಿಷ, ಅಂದರೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಫಜ್ರ್ ನಂತರದ ಹೊತ್ತು ಇದಕ್ಕೆ ಹೇಳಿ ಮಾಡಿಸಿದ್ದು. ಹೆಬ್ಬಾಳ ಕೆರೆ, ಯಲಹಂಕ ಕೆರೆಯ ದಂಡೆ, ಮತ್ತಿಕೆರೆಯ ಜೆ.ಪಿ. ಪಾರ್ಕ್ ನಮ್ಮ ಕಡೆಯೇ ಇವೆ. ಹೆಂಗಸರು ಇಬ್ಬರು ಮೂವರು ಜೊತೆಯಾಗಿ ಹೋಗಬಹುದು, ಆಗದಿದ್ದರೆ ಮನೆಯ ತಾರಸಿಯೂ ಸಾಕು. ಅಲ್ಲಿ ಕೈ ಕಾಲಿಗೆ ಹತ್ತು ಹದಿನೈದು ನಿಮಿಷ ಬಿಸಿಲು ಬಿದ್ದರೆ ಸೋರಿಯಾಸಿಸ್‌ಗೂ ಹಿತ, ಸುಡುವಷ್ಟು ಬೇಡ. ಬೀಡಿ, ಸಿಗರೇಟು ಸೋರಿಯಾಸಿಸ್‌ಗೂ ಹೃದಯಕ್ಕೂ ಏಕಕಾಲದ ಶತ್ರು. ಹುಕ್ಕಾದ ಹೊಗೆಯೂ ಹೊಗೆಯೇ.

ರಮಝಾನ್ ಬಂದಾಗ

ಉಪವಾಸದಿಂದ ಸೋರಿಯಾಸಿಸ್‌ಗೆ ಏನಾಗುತ್ತದೆ ಎಂದು ಹಲವರು ಕೇಳುತ್ತಾರೆ. ರಮಝಾನ್ ಉಪವಾಸ ಹಿಡಿದ, ಮಧ್ಯಮದಿಂದ ತೀವ್ರ ಸೋರಿಯಾಸಿಸ್ ಇದ್ದ ನೂರರಷ್ಟು ಮುಸ್ಲಿಮ್ ರೋಗಿಗಳನ್ನು ಇಟಲಿಯ ವೈದ್ಯರು ತಿಂಗಳ ಮೊದಲು ಮತ್ತು ನಂತರ ಪರೀಕ್ಷಿಸಿದರು. ಕಾಯಿಲೆಯ ತೀವ್ರತೆ ಸರಾಸರಿ ತುಸು ಇಳಿದಿತ್ತು. ಹಗಲಿಡೀ ಗಳಿಸಿದ್ದನ್ನು ರಾತ್ರಿ ಸಮೋಸ, ಶರಬತ್ತು, ಹಲೀಮ್‌ನಲ್ಲಿ ಕಳೆದುಕೊಂಡರೆ ಮಾತ್ರ ಈ ಲಾಭ ಉಳಿಯುವುದಿಲ್ಲ. ಆರ್.ಟಿ. ನಗರದಿಂದ ಮಾಸ್ಕ್ ರೋಡ್ ದೂರವೇನಲ್ಲ. ತಿಂಗಳಲ್ಲಿ ಒಂದು ದಿನ ಹೋಗುವುದು ಬೇರೆ, ದಿನವೂ ಅಲ್ಲಿಂದ ಕಟ್ಟಿಸಿಕೊಂಡು ಬರುವುದು ಬೇರೆ.

ಮಧುಮೇಹದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ಡಾಕ್ಟರನ್ನು ಕಂಡು ಪ್ರಮಾಣ, ಸಮಯ ಬದಲಿಸಿಕೊಳ್ಳಬೇಕು. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು. ಬೆರಳು ಚುಚ್ಚಿ ಸಕ್ಕರೆ ನೋಡುವುದರಿಂದ ಉಪವಾಸ ಮುರಿಯುವುದಿಲ್ಲವೆಂದು ಉಲಮಾಗಳು ತಿಳಿಸಿದ್ದಾರೆ. ರೋಗಿಗೆ ದೀನ್ ಕೊಟ್ಟಿರುವ ರಿಯಾಯಿತಿಯನ್ನು ಬಳಸಿಕೊಳ್ಳುವುದು ಈಮಾನಿನ ಕೊರತೆಯಲ್ಲ.

ವುಝೂ, ನಮಾಝ್, ಹಿಜಾಮಾ

ವುಝೂವಿನಿಂದ ಸೋರಿಯಾಸಿಸ್ ಹೆಚ್ಚುತ್ತದೆ ಎಂಬ ಭಯ ಬೇಡ. ಬೋರ್‌ವೆಲ್ಲಿನ ಗಡಸು ನೀರು, ಡಿಸೆಂಬರ್ ಜನವರಿಯ ಒಣ ಚಳಿ ಚರ್ಮವನ್ನು ಬಿರಿಸುತ್ತವೆ, ನಿಜ. ಅದಕ್ಕೆ ಉಗುರುಬೆಚ್ಚಗಿನ ನೀರು ಬಳಸಿ, ಉಜ್ಜದೆ ಒತ್ತಿ ಒರೆಸಿ, ಇನ್ನೂ ತೇವವಿರುವಾಗಲೇ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ. ದಿನಕ್ಕೆ ಐದು ಸಲ ಹೀಗೆ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಆರೈಕೆ ಇಲ್ಲ. ಮುಲಾಮನ್ನು ವುಝೂ ನಂತರ ಹಚ್ಚಿದರೆ ನೀರು ತಲುಪಿತೋ ಇಲ್ಲವೋ ಎಂಬ ಗೊಂದಲವೂ ತಪ್ಪುತ್ತದೆ. ಬಿರಿದು ರಕ್ತ ಒಸರುವ ಕೈಗೆ ನೀರು ತಾಗಿಸಬಾರದೆಂದು ವೈದ್ಯರು ಹೇಳಿದರೆ, ಮಸಹ್ ಅಥವಾ ತಯಮ್ಮುಮ್ ಬಗ್ಗೆ ನಿಮ್ಮ ಇಮಾಮರನ್ನು ಕೇಳಿ.

ಸೋರಿಯಾಸಿಸ್‌ಗೆ ಒಂದು ಸ್ವಭಾವವಿದೆ: ಚರ್ಮಕ್ಕೆ ಗಾಯ, ಉಜ್ಜಾಟ ಆದಲ್ಲೆಲ್ಲ ಹೊಸ ಮಚ್ಚೆ ಏಳಬಹುದು. ಆದ್ದರಿಂದ ದಪ್ಪನೆಯ ಜಾನಮಾಝ್ ಬಳಸಿ, ಮಚ್ಚೆಯನ್ನು ಕೆರೆಯಬೇಡಿ, ಹೊಟ್ಟನ್ನು ಉಗುರಿನಿಂದ ಕೀಳಬೇಡಿ. ಹಿಜಾಮಾ ಮಾಡಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಾಯಿಲೆ ಕೆರಳಿರುವಾಗ ಚರ್ಮ ಗೀರಿದರೆ ಅದೇ ಗೀರಿನ ಗುರುತಿನಲ್ಲಿ ಸೋರಿಯಾಸಿಸ್ ಬರಬಹುದು. ಸಕ್ಕರೆ ಏರಿದ್ದರೆ ಗಾಯ ಬೇಗ ಮಾಯುವುದಿಲ್ಲ. ಮೊದಲು ಚರ್ಮದ ಡಾಕ್ಟರನ್ನು ಕೇಳಿ.

ಗಂಡಸರಿಗೆ ರೇಷ್ಮೆ ನಿಷಿದ್ಧ. ಆದರೂ ಚರ್ಮದ ತುರಿಕೆಯಿದ್ದ ಸಹಾಬಿಗಳಾದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮತ್ತು ಝುಬೈರ್(ರ) ಅವರಿಗೆ ಪ್ರವಾದಿ(ಸ)ರು ರೇಷ್ಮೆ ಉಡಲು ಅನುಮತಿ ಕೊಟ್ಟಿದ್ದರು. ಚರ್ಮದ ಕಾಯಿಲೆಯನ್ನು ನಮ್ಮ ದೀನ್ ನಾಚಿಕೆಯ ವಿಷಯವೆಂದು ನೋಡಲಿಲ್ಲ, ನೋವೆಂದು ನೋಡಿತು.

ಔಷಧದ ಎಚ್ಚರ

ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಳ್ಳುವ, ಕ್ಲೋಬೆಟಸಾಲ್‌ನಂಥ ಬಲವಾದ ಸ್ಟಿರಾಯ್ಡ್ ಇರುವ ಟ್ಯೂಬುಗಳಿಂದ ದೂರವಿರಿ. ಎರಡು ದಿನದಲ್ಲಿ ಮಚ್ಚೆ ಮಾಯವಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ತಟ್ಟನೆ ಬಿಟ್ಟರೆ ಇಮ್ಮಡಿಯಾಗಿ ಏಳುತ್ತದೆ. ಸ್ಟಿರಾಯ್ಡ್ ಮಾತ್ರೆ, ಇಂಜೆಕ್ಷನ್ ಇನ್ನೂ ಅಪಾಯ. ಅವು ಸಕ್ಕರೆ, ಬಿ.ಪಿ. ಏರಿಸುತ್ತವೆ, ನಿಲ್ಲಿಸಿದಾಗ ಮೈಯೆಲ್ಲ ಕೆಂಪಾಗುವ ಅಥವಾ ಕೀವುಗುಳ್ಳೆ ಏಳುವ ಗಂಭೀರ ರೂಪಕ್ಕೆ ತಿರುಗಬಹುದು. ಮೈಯೆಲ್ಲ ಕೆಂಪಾಗಿ ಜ್ವರ, ನಡುಕ ಬಂದರೆ ಅದೇ ದಿನ ಆಸ್ಪತ್ರೆ ಸೇರಿ.

ಯುನಾನಿ ಚಿಕಿತ್ಸೆ ಬಯಸುವವರು ಅರ್ಹತೆಯುಳ್ಳ ಹಕೀಮರ ಬಳಿಯೇ ಹೋಗಲಿ. ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಯುನಾನಿ ಸಂಸ್ಥೆಯೇ ಇದೆ. ಹೆಸರಿಲ್ಲದ ಪುಡಿ, ಲೇಬಲ್ಲಿಲ್ಲದ ಡಬ್ಬಿಯನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವ ಸಾಧ್ಯತೆಯಿದೆ. ಯಾರ ಔಷಧ ತೆಗೆದುಕೊಂಡರೂ ಐದು ಅಳತೆಗಳನ್ನು ಮಾತ್ರ ಬಿಡಬೇಡಿ.

ತೀವ್ರ ಸೋರಿಯಾಸಿಸ್‌ಗೆ ವೈದ್ಯರು ಬರೆಯುವ ಮಾತ್ರೆಗಳೂ ದೇಹದ ಒಳಸ್ಥಿತಿಯನ್ನು ಅವಲಂಬಿಸಿರುತ್ತವೆ. ಮೆಥೊಟ್ರೆಕ್ಸೇಟ್‌ನಿಂದ ಫ್ಯಾಟಿ ಲಿವರ್, ಮಧುಮೇಹ ಇದ್ದವರ ಲಿವರ್‌ಗೆ ಹೆಚ್ಚು ತೊಂದರೆಯಾಗಬಹುದು. ಅಸಿಟ್ರೆಟಿನ್ ಟ್ರೈಗ್ಲಿಸರೈಡ್ ಏರಿಸುತ್ತದೆ. ಸೈಕ್ಲೊಸ್ಪೋರಿನ್ ಬಿ.ಪಿ. ಏರಿಸುತ್ತದೆ. ಅಂದರೆ ನಿಮ್ಮ ಸಕ್ಕರೆ, ಬಿ.ಪಿ., ಕೊಬ್ಬು ಗೊತ್ತಿಲ್ಲದೆ ಸರಿಯಾದ ಔಷಧ ಆರಿಸುವುದೇ ಕಷ್ಟ.

ಮೆಥೊಟ್ರೆಕ್ಸೇಟ್ ಬಗ್ಗೆ ಮನೆಯವರೆಲ್ಲ ತಿಳಿದಿರಬೇಕಾದ ಒಂದು ಮಾತಿದೆ. ಸೋರಿಯಾಸಿಸ್‌ಗೆ ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗರ್ಭಿಣಿಯರು, ಮಗು ಬಯಸುವವರು ಇದನ್ನು ತೆಗೆದುಕೊಳ್ಳಬಾರದು. ಅಸಿಟ್ರೆಟಿನ್ ನಿಲ್ಲಿಸಿದ ಮೇಲೂ ಹೆಂಗಸರು ಮೂರು ವರ್ಷ ಗರ್ಭ ಧರಿಸಬಾರದು. ಮದುವೆಯ ಮಾತು ನಡೆದಿರುವ ಹೆಣ್ಣುಮಕ್ಕಳು ಡಾಕ್ಟರಿಗೆ ಇದನ್ನು ಮೊದಲೇ ತಿಳಿಸಲಿ.

ಹೊಸ ಬಗೆಯ ಇಂಜೆಕ್ಷನ್‌ಗಳು, ಬಯಾಲಜಿಕ್ ಎನ್ನುವವು, ಮೇಲೆ ಹೇಳಿದ ಉರಿಯೂತದ ಸಂದೇಶಗಳನ್ನೇ ತಡೆಯುತ್ತವೆ. ನಮ್ಮ ಬೆಂಗಳೂರಿನ ಬಯೋಕಾನ್ ಕಂಪೆನಿ ಇಟೊಲಿಝುಮಾಬ್ ಎಂಬ ಔಷಧವನ್ನು 2013ರಲ್ಲಿ ಸೋರಿಯಾಸಿಸ್‌ಗೆಂದೇ ಮಾರುಕಟ್ಟೆಗೆ ತಂದಿತು. ಇಂಥ ಔಷಧ ಶುರುಮಾಡುವ ಮೊದಲು ಕ್ಷಯ ಇದೆಯೇ ಎಂದು ಪರೀಕ್ಷಿಸುತ್ತಾರೆ. ಇವು ದುಬಾರಿ, ಎಲ್ಲರಿಗೂ ಬೇಕಾಗುವುದೂ ಇಲ್ಲ. ಹೆಚ್ಚಿನವರಿಗೆ ಮುಲಾಮು, ಆಸ್ಪತ್ರೆಯಲ್ಲಿ ಕೊಡುವ ಬೆಳಕಿನ ಚಿಕಿತ್ಸೆ, ಮಾತ್ರೆಗಳಲ್ಲೇ ಕಾಯಿಲೆ ಹತೋಟಿಗೆ ಬರುತ್ತದೆ.

ಮನೆಯವರಿಗೆ ಎರಡು ಮಾತು

ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು 2014ರಲ್ಲಿ ಸೋರಿಯಾಸಿಸ್ ಕುರಿತು ಒಂದು ನಿರ್ಣಯವನ್ನೇ ಅಂಗೀಕರಿಸಿ, ರೋಗಿಗಳನ್ನು ದೂರವಿಡುವುದು ನಿಲ್ಲಬೇಕು ಎಂದವು. ಪ್ರತಿ ವರ್ಷ ಅಕ್ಟೋಬರ್ 29 ವಿಶ್ವ ಸೋರಿಯಾಸಿಸ್ ದಿನ. ಆದರೂ ನಮ್ಮ ಮನೆಗಳಲ್ಲಿ ಮಗಳ ಮಚ್ಚೆಯನ್ನು ರಿಶ್ತಾ ಕೂಡಿಬರುವವರೆಗೂ ಮುಚ್ಚಿಡುವ, ಅದಕ್ಕಾಗಿ ಡಾಕ್ಟರ ಬಳಿಗೂ ಕರೆದೊಯ್ಯದ ಅಮ್ಮಿಯರಿದ್ದಾರೆ. ಹೀಗೆ ಮುಚ್ಚಿಟ್ಟ ವರ್ಷಗಳಲ್ಲೇ ತೂಕ ಏರುತ್ತದೆ, ಸಕ್ಕರೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಗೆ ಸೋರಿಯಾಸಿಸ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ 10ರಿಂದ 15ರ ಆಸುಪಾಸು. ಬಾರದಿರುವ ಸಾಧ್ಯತೆಯೇ ಬಹಳ ಹೆಚ್ಚು. ಸತ್ಯ ಹೇಳಿ ಮಾಡುವ ಸಂಬಂಧ ಮುಚ್ಚಿಟ್ಟು ಮಾಡಿದ್ದಕ್ಕಿಂತ ಗಟ್ಟಿ.

ಸಬ್ರ್ ಮಾಡಿ ಎಂದು ಹೇಳುವುದು ಒಳ್ಳೆಯದೇ. ಆದರೆ ಚಿಕಿತ್ಸೆ ಹುಡುಕಿ ಎಂದೂ ನಮಗೆ ಕಲಿಸಲಾಗಿದೆ. ಸಬ್ರ್‌ನ ಹೆಸರಿನಲ್ಲಿ ತಪಾಸಣೆ ಮುಂದೂಡಬೇಡಿ. ರೋಗಿಯೊಬ್ಬರಿಗಾಗಿ ಬೇರೆ ಅಡುಗೆ ಮಾಡುವ ಬದಲು ಮನೆಯ ಅಡುಗೆಯನ್ನೇ ಬದಲಿಸಿ. ಅಬ್ಬಾ ಒಬ್ಬರೇ ಸೊಪ್ಪು ತಿನ್ನುತ್ತ ಉಳಿದವರು ಎದುರಿಗೇ ಕರಿದದ್ದು ತಿಂದರೆ ಯಾವ ಪಥ್ಯವೂ ವಾರ ದಾಟುವುದಿಲ್ಲ.

ಇಷ್ಟು ಓದಿದ ಮೇಲೆ ಈ ತಿಂಗಳು ನಾಲ್ಕು ಕೆಲಸ ಮಾಡಿ. ಸೋರಿಯಾಸಿಸ್ ಇರುವವರ ಸೊಂಟ ಅಳೆದು ಬರೆದಿಡಿ. ಬಿ.ಪಿ., ಖಾಲಿ ಹೊಟ್ಟೆಯ ಸಕ್ಕರೆ, ಕೊಬ್ಬಿನ ಪರೀಕ್ಷೆ ಮಾಡಿಸಿ. ಸರಿಯಾಗಿದ್ದರೂ ವರ್ಷಕ್ಕೊಮ್ಮೆ ಮತ್ತೆ ಮಾಡಿಸಿ. ಆ ಚೀಟಿಗಳನ್ನು ಒಂದೇ ಫೈಲಿನಲ್ಲಿಟ್ಟು ಚರ್ಮದ ಡಾಕ್ಟರಿಗೂ ಮನೆಯ ಡಾಕ್ಟರಿಗೂ ತೋರಿಸಿ. ಚಹಾದ ಸಕ್ಕರೆಯನ್ನು ಇಂದಿನಿಂದಲೇ ಅರ್ಧಕ್ಕೆ ಇಳಿಸಿ. ನಿಮಗೆ ಈ ಕಾಯಿಲೆ ಇಲ್ಲದಿದ್ದರೆ, ಇರುವ ನೆರೆಯವರಿಗೆ ಅಥವಾ ಸಂಬಂಧಿಗೆ ಈ ಪುಟವನ್ನು ಓದಿ ಹೇಳಿ. ಕಾಯಿಲೆ ಕೊಟ್ಟ ಅಲ್ಲಾಹನೇ ಶಿಫಾ ಕೊಡುವವನು. ತಪಾಸಣೆ, ಔಷಧ, ಊಟದ ಶಿಸ್ತು ನಮ್ಮ ಪಾಲಿನ ಪ್ರಯತ್ನ. ಎಲ್ಲ ರೋಗಿಗಳಿಗೂ ಅವನು ಪೂರ್ಣ ಆರೋಗ್ಯ ಕರುಣಿಸಲಿ. ಆಮೀನ್.